ಅಜ್ಜಿ ಇಟ್ಟ ಎರಡು ಸೊನ್ನೆ

ಜುಲೈ ೧೨, ಶನಿವಾರ, ಸಂಜೆ ಐದು ಇಪ್ಪತ್ತು. ಡೊಂಬಿವಲಿಯ ಒಂದು ಹಲ್ಲಿನ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ಪತ್ರಿಕೆಗೆಂದು ಇದನ್ನು ಶುರು ಮಾಡಿದ್ದೇನೆ. ಲವಂಗದೆಣ್ಣೆಯ ವಾಸನೆ ಮೂಗಿಗೆ ಅಡರುತ್ತಿದೆ. ಒಳಗೆ ನನ್ನ ತಂಗಿ ಶ್ರಾವ್ಯ ಬಾಯಿ ತೆರೆದು ಮಲಗಿದ್ದಾಳೆ. ಅವಳಿಗೆ ಹದಿನೈದು, ನನಗೆ ಇಪ್ಪತ್ತು. ಬಾಗಿಲು ಅರ್ಧ ತೆರೆದಿದೆ. ಹಲ್ಲು ಬೇರಿನ ತನಕ ಹಾಳಾಗಿದೆಯಂತೆ.

"ಇತ್ಕೇ ದಿವಸ್ ದುಖತ್ ನವ್ಹತಂ ಕಾ?" ಇಷ್ಟು ದಿನ ನೋಯುತ್ತಿರಲಿಲ್ಲವೇ ಎಂದು ಡಾಕ್ಟರು ಮರಾಠಿಯಲ್ಲಿ ಕೇಳಿದರು.

"ದುಖತ್ ಹೋತಂ." ನೋಯುತ್ತಿತ್ತು ಎಂದಳು ಶ್ರಾವ್ಯ.

ಹಾಗಾದರೆ ಮನೆಯಲ್ಲಿ ಏಕೆ ಹೇಳಲಿಲ್ಲ ಎಂದು ಅವರು ಕೇಳಿದ್ದಕ್ಕೆ ಅವಳು ಮತ್ತೆ ಬಾಯಿ ತೆರೆದಳು. ಡಾಕ್ಟರು ಬಾಗಿಲಿನತ್ತ ಬಗ್ಗಿ, ನಿಮಗೂ ಗೊತ್ತಿರಲಿಲ್ಲವೇ ಎಂಬಂತೆ ನನ್ನನ್ನು ನೋಡಿದರು.

ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲವೂ ಗೊತ್ತಿರಬೇಕಾದವಳು ನಾನೇ ಎಂಬುದನ್ನು ನಿಮಗೆ ಹೇಳಿಬಿಡಬೇಕು. ಠಾಣೆಗೆ ಹೋಗುವ ನನ್ನ ಲೋಕಲ್ ರೈಲು ಈ ತಿಂಗಳು ಎಷ್ಟು ಸಲ ತಡವಾಯಿತು, ಮೇಲಿನ ಮನೆಯವರು ಎಷ್ಟು ದಿನ ಗೋಡೆ ಕೊರೆದರು, ಕೇಳಿ, ತಾರೀಕು ಸಮೇತ ಹೇಳುತ್ತೇನೆ. ಮರಾಠಿ ಗೆಳತಿಯರು ನನ್ನನ್ನು ತಲಾಠಿ ಎನ್ನುತ್ತಾರೆ, ನಮ್ಮ ಮಾತಿನಲ್ಲಿ ಶಾನುಭೋಗ.

ಈ ಚಟ ಹತ್ತಿಸಿದವರು ಅಜ್ಜಿ. ಒಂಬತ್ತು ವರ್ಷದ ಹಿಂದೆ ಉಡುಪಿಯಿಂದ ನಮ್ಮಲ್ಲಿಗೆ ಬಂದವರು, ಮೊಮ್ಮಕ್ಕಳು ಮನೆಯಲ್ಲೂ ಮರಾಠಿ ಆಡುವುದನ್ನು ಕೇಳಿ ಕಂಗಾಲಾದರು. ನನಗೊಂದು ನೋಟ್‌ಬುಕ್ ಕೊಟ್ಟು, ದಿನಕ್ಕೊಂದು ಪುಟ ಕನ್ನಡದಲ್ಲಿ ಬರೆಯಬೇಕೆಂದರು. ಹನ್ನೊಂದು ವರ್ಷದವಳಿಗೆ ಪುಟ ತುಂಬುವಷ್ಟು ಬದುಕು ಎಲ್ಲಿರುತ್ತದೆ? ಗೆರೆ ಹಾಕಿ ಕಾಲಮುಗಳನ್ನು ಮಾಡಿದೆ: ತಾರೀಕು, ಗಂಟೆ, ಏನಾಯಿತು, ಕಾರಣ. ನಮ್ಮ ಮನೆಯಲ್ಲಿ ತಪ್ಪದೆ ಆಗುತ್ತಿದ್ದದ್ದು ಒಂದೇ, ಶ್ರಾವ್ಯಳ ಅಳು. ಅದನ್ನೇ ಬರೆದೆ.

ಆಗ ಅವಳಿಗೆ ಆರು. ಕುಕ್ಕರ್ ಸೀಟಿ ಹೊಡೆದರೆ ಅಳು, ಅಂಗಿಯ ಕುತ್ತಿಗೆಯ ಚೀಟಿ ತಾಗಿದರೆ ಅಳು. ಗಣಪತಿಯ ದಿನಗಳಲ್ಲಿ ನಮ್ಮ ಕಟ್ಟಡದ ಸೊಸೈಟಿಯವರು ಆರತಿ ಎತ್ತಿ ತಾಳ ಬಡಿಯಲು ತೊಡಗಿದರೆ ಎರಡೂ ಕಿವಿ ಮುಚ್ಚಿಕೊಂಡು ನನ್ನ ಬೆನ್ನಿಗೆ ಮುಖ ಒತ್ತಿ "ದುಖ್ತಂಯ್, ದುಖ್ತಂಯ್," ನೋಯುತ್ತಿದೆ, ನೋಯುತ್ತಿದೆ ಎನ್ನುತ್ತಿದ್ದಳು. ಅಮ್ಮ ಕಿವಿಯ ಡಾಕ್ಟರಿಗೆ ತೋರಿಸಿದರು. ಕಿವಿ ಚೊಕ್ಕವಾಗಿದೆ, ಏನೂ ಇಲ್ಲ ಎಂದರು ಅವರು. ಅಲ್ಲಿಗೆ ನೋವಿನ ಮಾತು ಮುಗಿಯಿತು.

ನಾನು ಮಾತ್ರ ಶಿಸ್ತಿನವಳು. ಅವಳ ಮಾತನ್ನು ಇದ್ದ ಹಾಗೇ ಇಳಿಸಬೇಕೆಂದು ಕಾರಣದ ಕಾಲಮಿನಲ್ಲಿ 'ದುಖ' ಎಂದು ಬರೆಯುತ್ತಾ ಹೋದೆ.

ಸೆಪ್ಟೆಂಬರ್ ಮುಗಿದ ಮೇಲಿನ ಭಾನುವಾರ ಅಜ್ಜಿ ಕೆಂಪು ಪೆನ್ನು ಹಿಡಿದು ಕೂತರು. "ವಿಸರ್ಗ ಬಿಟ್ಟಿದ್ದೀಯಲ್ಲ ಮಗಾ," ಎಂದು ಹದಿನೇಳು ಕಡೆಯೂ ಎರಡೆರಡು ಸೊನ್ನೆ ಇಟ್ಟರು. ದುಃಖ. ಇಟ್ಟಾದ ಮೇಲೆ ಕನ್ನಡಕ ತೆಗೆದರು. "ಇದೆಂಥದು? ಆರು ವರ್ಷದ ಕೂಸಿಗೆ ಹದಿನೇಳು ಸಲ ದುಃಖವಾ?"

ನಾನು ಹೂಂ ಎಂದೆ. ಕಾಗುಣಿತ ಒಂದು ಬಿಟ್ಟರೆ ನನ್ನ ಪುಸ್ತಕದಲ್ಲಿ ತಪ್ಪಿಲ್ಲವೆಂಬ ಜಂಬ.

ಅಪ್ಪ ಠಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರ್. ಆಗಷ್ಟೇ ಬಂದು ಚಪ್ಪಲಿ ಬಿಡುತ್ತಿದ್ದವರು, "ಕೊಂಡಾಟ ಜಾಸ್ತಿಯಾಗಿದೆ ಅಮ್ಮ, ಮತ್ತೆಂಥದೂ ಇಲ್ಲ," ಎಂದರು. ನಮ್ಮ ಕಡೆ ಕೊಂಡಾಟವೆಂದರೆ ಮುದ್ದು.

"ನೀನು ಸುಮ್ಮನಿರು ಮಾರಾಯ. ಒಬ್ಬಳನ್ನೇ ಮೂಲೆಯಲ್ಲಿ ಬಿಟ್ಟರೆ ದುಃಖ ಹೆಚ್ಚಾಗ್ತದೆ. ನಾಲ್ಕು ಜನ ಇರುವಲ್ಲಿ, ಗೌಜಿ ಇರುವಲ್ಲಿ ಕರ್ಕೊಂಡು ಹೋಗಿ."

ದುಃಖಕ್ಕೆ ಮದ್ದು ಗೌಜಿ, ಅಂದರೆ ಗದ್ದಲ, ಸಂಭ್ರಮ. ಪ್ರೀತಿಯಿಂದಲೇ ಹೇಳಿದ ಮಾತು. ಕಲ್ಯಾಣದಲ್ಲಿ ಮದುವೆಯಿದ್ದರೆ ಅವಳನ್ನು ಬ್ಯಾಂಡಿನ ಹತ್ತಿರ ನಿಲ್ಲಿಸಿದರು. ಮನೆಯ ಭಜನೆಯಲ್ಲಿ ಅವಳ ಕೈಗೇ ಜಾಗಟೆ ಕೊಟ್ಟರು. ಕಣ್ಣು ಗಟ್ಟಿಯಾಗಿ ಮುಚ್ಚಿ, ಒಂದೊಂದು ಪೆಟ್ಟಿಗೂ ಭುಜ ಕುಗ್ಗಿಸುತ್ತಾ ಬಾರಿಸಿದಳು. ಬಂದವರು ಚಪ್ಪಾಳೆ ತಟ್ಟಿದರು. ಕಣ್ಣು ಬಿಟ್ಟಾಗ ಅವಳು ಹುಡುಕಿದ್ದು ನನ್ನನ್ನು. ನಾನು ಗಂಟೆ ಬರೆದುಕೊಳ್ಳುತ್ತಿದ್ದೆ.

ಮದ್ದು ತಾಗಿತು. ಸೆಪ್ಟೆಂಬರಿನಲ್ಲಿ ಹದಿನೇಳು, ಅಕ್ಟೋಬರಿನಲ್ಲಿ ಹನ್ನೊಂದು, ನವೆಂಬರಿನಲ್ಲಿ ನಾಲ್ಕು, ಡಿಸೆಂಬರಿನಲ್ಲಿ ಸೊನ್ನೆ. ಆ ಸೊನ್ನೆಯ ಸುತ್ತ ಬಣ್ಣದ ಪೆನ್ಸಿಲಿನಲ್ಲಿ ನಕ್ಷತ್ರ ಬರೆದೆ. ಮಗು ಸರಿಹೋಯಿತೆಂದು ಅಜ್ಜಿ ಪಾಯಸ ಮಾಡಿದರು. ಆಮೇಲಿನ ಒಂಬತ್ತು ವರ್ಷ ಶ್ರಾವ್ಯ ಯಾವುದಕ್ಕೂ ಅಳಲಿಲ್ಲ, ಯಾವುದನ್ನೂ ಬೇಡವೆನ್ನಲಿಲ್ಲ. ಎಷ್ಟು ಒಳ್ಳೆಯ ಹುಡುಗಿ ಎಂದು ನೆಂಟರು ಈಗಲೂ ಹೊಗಳುತ್ತಾರೆ.

ಕ್ಲಿನಿಕ್ಕಿನಿಂದ ಬಂದವಳೇ ಅಟ್ಟದಿಂದ ಆ ನೋಟ್‌ಬುಕ್ ಇಳಿಸಿದೆ. ಕಾರಣದ ಕಾಲಮನ್ನು ಕೈಯಿಂದ ಮುಚ್ಚಿ ಗಂಟೆಯ ಕಾಲಮನ್ನಷ್ಟೇ ಓದಿದೆ. ಕುಕ್ಕರಿನ ಹೊತ್ತು, ಆರತಿಯ ಹೊತ್ತು, ಗೋಡೆ ಕೊರೆಯುವ ಹೊತ್ತು. ಅಡುಗೆಮನೆಯ ಬಾಗಿಲು ಮುಚ್ಚಿದ್ದರೆ, ಸೀಟಿಗೆ ಮುಂಚೆ ಒಂದು ಮಾತು ಹೇಳಿದ್ದರೆ, ಚೀಟಿ ಕತ್ತರಿಸಿದ್ದರೆ, ಅರ್ಧ ಪುಟ ಖಾಲಿ ಉಳಿಯುತ್ತಿತ್ತು. ಒಂದು ಸಾಲು ಮಾತ್ರ ಬೇರೆ: 'ಅಮ್ಮ ಫೋನಿನಲ್ಲಿ ನಕ್ಕಳು, ಶ್ರಾವ್ಯ ಅತ್ತಳು. ಅಮ್ಮ ನಗ್ತಾ ಇಲ್ಲ ಅಂತಾಳೆ.' ಪಕ್ಕದಲ್ಲಿ 'ಸುಳ್ಳು' ಎಂದು ನಾನೇ ಬರೆದಿದ್ದೇನೆ. ವಾಶಿಯ ಆಫೀಸಿನವರು ಅಮ್ಮನನ್ನು ಕೆಲಸದಿಂದ ತೆಗೆದದ್ದು ಅದೇ ದಿನವೆಂದು ನಮಗೆ ಗೊತ್ತಾದದ್ದು ತಿಂಗಳ ನಂತರ. ಮನೆಯಲ್ಲಿ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚು ತಿಳಿಯುತ್ತಿದ್ದ ಮಗುವಿಗೆ ಏನೂ ತಿಳಿಯದ ಹಾಗೆ ಇರುವುದನ್ನು ನಾವು ನಾಲ್ಕೇ ತಿಂಗಳಲ್ಲಿ ಕಲಿಸಿದೆವು.

ಪುಸ್ತಕವನ್ನು ಶ್ರಾವ್ಯಳ ಮುಂದಿಟ್ಟು, ಅವಳ ನೋವು ದುಃಖವಾದ ವಿಸರ್ಗದ ಕತೆಯನ್ನು ಹೇಳಿದೆ. ತಪ್ಪು ನನ್ನದು ಎಂದೆ. ಊದಿದ ಕೆನ್ನೆಗೆ ಐಸ್ ಒತ್ತಿಕೊಂಡು ಅವಳು ಎರಡು ಪುಟ ತಿರುವಿ, ಕೆಂಪು ಸೊನ್ನೆಗಳ ಮೇಲೆ ಬೆರಳಿಟ್ಟಳು.

"ತೇವ್ಹಾ ಚುಕೀಚಂ ಹೋತಂ ಅಕ್ಕಾ. ನಂತರ್ ಬರೋಬರ್ ಝಾಲಂ." ಆಗ ತಪ್ಪಾಗಿತ್ತು, ಆಮೇಲೆ ಸರಿಯಾಯಿತು.

ಊಟಕ್ಕೆ ಗಂಜಿ ಕಲಸಿಕೊಟ್ಟು, ಹಲ್ಲು ನೋಯುತ್ತಿದೆಯಾ ಎಂದು ಕೇಳಿದೆ. ಇಲ್ಲ ಎಂದಳು. ನಾನು ಅದನ್ನು ಬರೆದುಕೊಳ್ಳಲಿಲ್ಲ, ಏಕೆಂದರೆ ಅದು ನಿಜವೇ ಎಂದು ನನಗೆ ಗೊತ್ತಾಗಲಿಲ್ಲ. ಹೇಳುವುದನ್ನು ಬಿಟ್ಟುಬಿಟ್ಟ ಮಗು ಮತ್ತೆ ಹೇಳತೊಡಗಿದ್ದನ್ನು ನಿಮ್ಮಲ್ಲಿ ಯಾರಾದರೂ ಕಂಡಿದ್ದರೆ, ಅದಕ್ಕೆ ಏನು ಮಾಡಿದಿರಿ, ಎಷ್ಟು ಕಾಲ ಹಿಡಿಯಿತು ಎಂದು ಪತ್ರಿಕೆಯ ವಿಳಾಸಕ್ಕೆ ದಯವಿಟ್ಟು ಬರೆಯಿರಿ. ಹದಿನೈದು ವರ್ಷಕ್ಕೆ ತಡವಾಯಿತು ಎನ್ನುವವರೂ ಬರೆಯಬಹುದು.