ಕಪ್‌ಕೇಕಿನ ಮೇಲೆ ಕೂತ ಬಸವ

ನನ್ನ ಅತ್ತೆ ಕಸದ ಬುಟ್ಟಿ ಕೆದಕುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಅವತ್ತು ಮಗಳ ಆರನೆಯ ಹುಟ್ಟುಹಬ್ಬ. ಬೆಳಿಗ್ಗೆ ಆರು ಗಂಟೆ ಇರಬೇಕು, ಅತ್ತೆಗೆ ಇನ್ನೂ ಸ್ನಾನವಾಗಿರಲಿಲ್ಲ. ಸ್ನಾನ ಮಾಡಿ ಮಡಿಯುಟ್ಟ ಮೇಲೆ ಕಸ ಮುಟ್ಟುವಂತಿಲ್ಲ, ಹಾಗಾಗಿ ಆ ಕೆಲಸವನ್ನು ಮೊದಲೇ ಮುಗಿಸಿಕೊಳ್ಳುತ್ತಿದ್ದರು. ಹಿತ್ತಲ ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದರು. ಒಂದು ಕೈಯಲ್ಲಿ ಪೊರಕೆ ಕಡ್ಡಿ, ಇನ್ನೊಂದರಲ್ಲಿ ಭೂತಗನ್ನಡಿ. ಮೊಟ್ಟೆಯ ಸಿಪ್ಪೆ ಹುಡುಕುತ್ತಿದ್ದಾರೆ, ಹುಡುಕಲಿ ಎಂದುಕೊಂಡು ನಾನು ಅಡುಗೆಮನೆಯ ಕಿಟಕಿಯಿಂದ ಹಿಂದೆ ಸರಿದೆ. ಮೈಯೆಲ್ಲ ಉರಿಯುತ್ತಿತ್ತು.

ಈ ಉರಿಗೆ ಒಂಬತ್ತು ವರ್ಷ. ಮದುವೆಯಾದ ಹೊಸತರಲ್ಲಿ ಗಂಡನ ಹುಟ್ಟುಹಬ್ಬಕ್ಕೆ ನಾನೊಂದು ಕೇಕು ತಂದಿದ್ದೆ. ಮೊಟ್ಟೆ ಇಲ್ಲವೆಂದು ಬೇಕರಿಯವನು ಹೇಳಿದ್ದ, ನಾನೂ ಮನೆಯಲ್ಲಿ ಹಾಗೇ ಹೇಳಿದೆ. ಅತ್ತೆ ತಿಂದರು. ಮಾರನೆಯ ದಿನ ಡಬ್ಬದ ಅಡಿಯಲ್ಲಿದ್ದ ಚೀಟಿ ಅವರ ಕಣ್ಣಿಗೆ ಬಿತ್ತು, ಅದರಲ್ಲಿ ಮೊಟ್ಟೆ ಎಂದು ಬರೆದಿತ್ತು. ಅವರು ಬೈಯಲಿಲ್ಲ. ಒಂದು ದಿನ ಪೂರ್ತಿ ಉಪವಾಸ ಮಾಡಿದರು, ಅಷ್ಟೆ. ಆದರೆ ಅವತ್ತಿನಿಂದ ನನ್ನ ಒಲೆಯ ಸಾರು ಉಣ್ಣುತ್ತಾರೆ, ನನ್ನ ಓವನ್ನಿನಿಂದ ಬಂದ ಒಂದು ಬಿಸ್ಕತ್ತನ್ನೂ ಮುಟ್ಟಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಮುಗಿಸುತ್ತಿದ್ದೆ.

ಅತ್ತೆ ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳ ನಕಲು ಹಿಡಿದವರು. ಮನೆಗೆ ಬಂದ ಯಾವ ಪೊಟ್ಟಣವನ್ನೂ ಓದದೆ ಬಿಡುವುದಿಲ್ಲ. ಬ್ರೆಡ್ಡು, ಸೋಪು, ಕೊನೆಗೆ ಊದುಬತ್ತಿ ಪೊಟ್ಟಣವನ್ನೂ ಭೂತಗನ್ನಡಿ ಹಿಡಿದು ಓದುತ್ತಾರೆ. ಇಂಥವರ ಎದುರು ಬದುಕಿ ಬದುಕಿ ನನಗೂ ಅನುಮಾನದ ರೋಗ ಅಂಟಿದೆ. ಅವರು ನಕ್ಕರೆ ಯಾಕೆ ನಕ್ಕರು, ನಗದಿದ್ದರೆ ಯಾಕೆ ನಗಲಿಲ್ಲ ಎಂದು ಲೆಕ್ಕ ಹಾಕುತ್ತೇನೆ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

ಹುಟ್ಟುಹಬ್ಬಕ್ಕೆ ಯಾವ ಥೀಮು ಬೇಕು ಎಂದು ಮಗಳನ್ನು ಕೇಳಿದಾಗ ಅವಳು ರಾಜಕುಮಾರಿಯನ್ನೂ ಕೇಳಲಿಲ್ಲ, ಡೈನೋಸಾರನ್ನೂ ಕೇಳಲಿಲ್ಲ. "ದೊಡ್ಡ ಬಸವಣ್ಣ" ಅಂದಳು. ಪ್ರತಿ ಸೋಮವಾರ ಎನ್.ಆರ್. ಕಾಲೋನಿಯ ನಮ್ಮ ಮನೆಯಿಂದ ಅಜ್ಜಿಯ ಕೈ ಹಿಡಿದು ಕರಿಕಲ್ಲಿನ ಆ ದೊಡ್ಡ ಬಸವಣ್ಣನ ಗುಡಿಗೆ ಹೋಗುವ ಮಗು ಅದು. ಪ್ರತಿ ಕಪ್‌ಕೇಕಿನ ಮೇಲೂ ಒಂದೊಂದು ಕರಿ ಬಸವ ಕೂತಿರಬೇಕು, ಕೊರಳಲ್ಲಿ ಹೂವಿನ ಹಾರ ಇರಬೇಕು. ಇದು ಅವಳದೇ ತಲೆಯೋ, ಅಜ್ಜಿ ತುಂಬಿದ್ದೋ ಎಂದು ನನಗೆ ಅನುಮಾನ ಬಂತು.

"ನನ್ ಹತ್ರ ಸಂಕ್ರಾಂತಿ ಸಕ್ಕರೆ ಅಚ್ಚಿನ ಮಣೆ ಇದೆಯಲ್ಲ, ಅದ್ರಲ್ಲಿ ಬಸವ ಇದೆ. ಎರಕ ಹೊಯ್ದು ಕೊಡ್ಲಾ?" ಅಂದರು ಅತ್ತೆ.

"ಬೇಡ ಅತ್ತೆ. ಅದು ಬಿಳಿ ಬರುತ್ತೆ, ಅವಳಿಗೆ ಕಪ್ಪು ಬೇಕು. ನಾನೇ ಮಾಡ್ತೀನಿ."

ನಿಜವಾದ ಕಾರಣ ಬಣ್ಣವಲ್ಲ. ಕೇಕು ನನ್ನದು, ಹೊಗಳಿಕೆ ಅವರದು ಆಗುವುದು ನನಗೆ ಬೇಕಿರಲಿಲ್ಲ.

ಮಗಳು ಇನ್ನೊಂದು ಷರತ್ತು ಹಾಕಿದಳು. ಮೊದಲನೆಯ ಕಪ್‌ಕೇಕನ್ನು ಅಜ್ಜಿಯೇ ತಿನ್ನಬೇಕು, ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ. ಅತ್ತೆ ತಕ್ಷಣ "ಆಯ್ತು ಪುಟ್ಟಾ, ತಿಂತೀನಿ" ಅಂದುಬಿಟ್ಟರು. ಒಂಬತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡವರು ಇಷ್ಟು ಸಲೀಸಾಗಿ ಯಾಕೆ ಒಪ್ಪಿದರು? ಎಲ್ಲರೆದುರು ಕೈಗೆತ್ತಿಕೊಂಡು, ಮೂಸಿ, ತಟ್ಟೆಯಲ್ಲಿಟ್ಟು ನನ್ನ ಮಾನ ಕಳೆಯುವ ಉಪಾಯವೇ ಇದು ಎಂದು ನಾನು ತೀರ್ಮಾನಿಸಿದೆ.

ಹಾಗಾಗಿ ಕೇಕಿನಲ್ಲಿ ಒಂದು ಕೂದಲೆಳೆಯ ತಪ್ಪೂ ಆಗದಂತೆ ನೋಡಿಕೊಂಡೆ. ಹುಟ್ಟುಹಬ್ಬದ ಹಿಂದಿನ ರಾತ್ರಿಯೇ ಮೊಸರು ಮತ್ತು ಅಡುಗೆ ಸೋಡಾ ಹಾಕಿ ಇಪ್ಪತ್ತಾರು ಕಪ್‌ಕೇಕು ಬೇಯಿಸಿದೆ. ಮಾಮೂಲ್‌ಪೇಟೆಯ ಸಂದಿಯೊಂದರಿಂದ ಎರಡು ಪೊಟ್ಟಣ ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಮಿಠಾಯಿ ತಂದಿದ್ದೆ. ಒಂದನ್ನು ಒಡೆದು ಕರಗಿಸಿ, ಸಕ್ಕರೆ ಪುಡಿ ಮತ್ತು ಕರಿ ಬಣ್ಣ ಸೇರಿಸಿ, ಕೈಗೆ ತುಪ್ಪ ಸವರಿಕೊಂಡು ಚಪಾತಿ ಹಿಟ್ಟಿನ ಹಾಗೆ ನಾದಿದೆ. ಇಪ್ಪತ್ತನಾಲ್ಕು ಬಸವ ಆಯಿತು, ಹಿಟ್ಟು ಮುಗಿಯಿತು. ಹಸಿರು ಕ್ರೀಮಿನ ಹುಲ್ಲಿನ ಮೇಲೆ ಒಂದೊಂದನ್ನೇ ಕೂರಿಸಿದೆ. ಎರಡು ಕಪ್‌ಕೇಕು ಬೋಳಾಗಿಯೇ ಅಡುಗೆಮನೆಯಲ್ಲಿ ಉಳಿದವು.

ಸಂಜೆ ಐದಕ್ಕೆ ಮಕ್ಕಳೂ ಅವರ ಅಮ್ಮಂದಿರೂ ಬಂದರು. ಗಾಂಧಿ ಬಜಾರಿನಿಂದ ತಂದ ಸೇವಂತಿಗೆಯ ನಡುವೆ ಬಸವಗಳ ಮಂದೆ ಕೂತಿತ್ತು. ಮಗಳು ಕುಣಿದಾಡುತ್ತಿದ್ದಳು. ಅವಳ ಸಹಪಾಠಿಯೊಬ್ಬಳ ತಾಯಿ, ಮನೆಯಲ್ಲೇ ಕೇಕು ಮಾಡಿ ಮಾರುವವಳು, ಬಗ್ಗಿ ನೋಡಿದಳು.

"ಎಷ್ಟ್ ಚೆನ್ನಾಗಿದೆ ರೀ! ಮಾರ್ಷ್‌ಮ್ಯಾಲೋದಲ್ಲಿ ಮಾಡಿದ್ದಾ? ವೆಜ್‌ದು ಎಲ್ಲಿ ಸಿಗ್ತು ನಿಮ್ಗೆ? ನನಗಂತೂ ಹುಡುಕಿ ಹುಡುಕಿ ಸಾಕಾಯ್ತು."

"ಮಾರ್ಷ್‌ಮ್ಯಾಲೋದಲ್ಲಿ ಮೊಟ್ಟೆ ಇರಲ್ವಲ್ಲ?"

"ಮೊಟ್ಟೆ ಅಲ್ಲ, ಜೆಲಾಟಿನ್. ಮೂಳೆಯಿಂದ ತೆಗೆಯೋದು, ಜಾಸ್ತಿ ದನದ್ದೇ. ನೀವು ನೋಡೇ ತಂದಿರ್ತೀರಾ ಬಿಡಿ."

ಹೊಟ್ಟೆಕಿಚ್ಚು ಇವಳಿಗೆ ಎಂದುಕೊಂಡೆ. ಆದರೂ ಕಾಲು ತಾನಾಗಿ ಅಡುಗೆಮನೆಗೆ ಹೋಯಿತು. ಒಡೆಯದ ಪೊಟ್ಟಣ ಶೆಲ್ಫಿನಲ್ಲಿತ್ತು. ಅದರ ಮೂಲೆಗೆ ಅಂಗಡಿಯವನು ಬೆಲೆಯ ಚೀಟಿ ಅಂಟಿಸಿದ್ದ. ಉಗುರಿನಿಂದ ಕೆರೆದೆ. ಅಡಿಯಲ್ಲಿ ಮಾಂಸಾಹಾರದ ಕಂದು ಗುರುತು ಇತ್ತು.

ಒಂಬತ್ತು ವರ್ಷ ಮೊಟ್ಟೆ ಮೊಟ್ಟೆ ಎಂದು ಹೆದರಿ, ದನದ ಮೂಳೆಯಿಂದ ಬಸವಣ್ಣನನ್ನು ಮಾಡಿ ಕೂರಿಸಿದ್ದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆಚೆಯಿಂದ "ಅಮ್ಮಾ ಬಾ!" ಎಂದು ಮಗಳು ಕೂಗಿದಳು. ಹೋಗಿ ನಿಂತೆ. ಮೇಣದಬತ್ತಿ ಆರಿತು, ಹಾಡು ಮುಗಿಯಿತು. ಮಗಳು ಅತಿ ದೊಡ್ಡ ಬಸವನನ್ನು ಆರಿಸಿ ಅಜ್ಜಿಯ ಅಂಗೈಯಲ್ಲಿಟ್ಟಳು. "ಬಾಲದಿಂದ ಶುರು ಮಾಡಜ್ಜಿ, ಅವನಿಗೆ ನೋವಾಗಲ್ಲ."

ಸುಮ್ಮನಿದ್ದುಬಿಡು ಎಂದಿತು ಮನಸ್ಸು. ಯಾರಿಗೂ ಗೊತ್ತಾಗುವುದಿಲ್ಲ, ಹೇಳಿದರೆ ಮಗುವಿನ ಹಬ್ಬ ಮಣ್ಣಾಗುತ್ತದೆ, ಇಷ್ಟು ಜನರ ಮುಂದೆ ನಾನು ಎರಡನೆಯ ಸಲ ಕಳ್ಳಿಯಾಗುತ್ತೇನೆ. ಅತ್ತೆ ಕಪ್‌ಕೇಕನ್ನು ಬಾಯಿಯ ಹತ್ತಿರ ತಂದರು. ಅವರು ಕೇಕು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನನ್ನ ಕೈ ಸೆರಗಿಗೆ ಹೋಯಿತು.

"ಅತ್ತೆ, ತಿನ್ಬೇಡಿ," ಅಂದೆ. "ಆ ಬಸವದಲ್ಲಿ ಮೂಳೆ ಜೆಲಾಟಿನ್ ಇದೆ. ನನಗೆ ಗೊತ್ತಿರ್ಲಿಲ್ಲ, ಈಗ್ಲೇ ನೋಡ್ದೆ. ಯಾರೂ ತಿನ್ಬೇಡಿ."

ಅಮ್ಮಂದಿರು ಮುಖ ಮುಖ ನೋಡಿಕೊಂಡರು. ಮಗಳ ತುಟಿ ನಡುಗಿತು. ಅತ್ತೆ ಕಪ್‌ಕೇಕನ್ನು ಮೆಲ್ಲಗೆ ಕೆಳಗಿಟ್ಟು, ಅವಳನ್ನು ತೊಡೆಗೆ ಎಳೆದುಕೊಂಡರು.

"ಅಳ್ಬೇಡ ಪುಟ್ಟಾ. ಗುಡಿ ಕಥೇಲಿ ಹೋಗ್ತಾನಲ್ಲ, ಹಾಗೇ ಬಸವ ಕಡಲೆಕಾಯಿ ಮೇಯಕ್ಕೆ ಹೋದ ಅನ್ಕೊ." ಆಮೇಲೆ ನನ್ನ ಕಡೆ ತಿರುಗಿ, "ಅಡುಗೆಮನೇಲಿ ಬೋಳು ಎರಡಿದಾವಲ್ಲ, ಒಂದ್ ತಗೊಂಡ್ ಬಾ" ಅಂದರು.

ತಂದುಕೊಟ್ಟೆ. ಅತ್ತೆ ಅದನ್ನು ಪೂರ್ತಿ ತಿಂದರು, ಕಾಗದಕ್ಕೆ ಅಂಟಿದ್ದನ್ನೂ ಬಿಡದೆ. ಮಗಳು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದಳು. ಬಸವಗಳನ್ನೆಲ್ಲ ಒಳಗೆ ಸಾಗಿಸಿ, ಮಕ್ಕಳಿಗೆ ಕೋಡುಬಳೆ ಮತ್ತು ಐಸ್‌ಕ್ರೀಮು ಕೊಟ್ಟೆವು.

ಎಲ್ಲರೂ ಹೋದ ಮೇಲೆ ನಾನು ತಟ್ಟೆ ಒಟ್ಟುಮಾಡುತ್ತಿದ್ದೆ. ಅತ್ತೆ ಸೊಂಟದಿಂದ, ತೊಳೆದು ನಾಲ್ಕು ಮಡಿಕೆ ಮಾಡಿದ ಪ್ಲಾಸ್ಟಿಕ್ಕೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ನಾನು ಒಡೆದು ಬಿಸಾಡಿದ್ದ ಪೊಟ್ಟಣ. ಬೆಲೆಯ ಚೀಟಿಯನ್ನು ನೀಟಾಗಿ ಕಿತ್ತಿದ್ದರು. ಸಿಪ್ಪೆ ಹುಡುಕಲು ಭೂತಗನ್ನಡಿ ಬೇಕಿಲ್ಲ ಎಂದು ನನಗೆ ಆಗ ಹೊಳೆಯಿತು.

"ಬೆಳಿಗ್ಗೇನೇ ಗೊತ್ತಿತ್ತಾ? ಮತ್ತೆ ಯಾಕ್ ಹೇಳ್ಲಿಲ್ಲ?"

"ನಿನಗೆ ಗೊತ್ತಿದೆಯೋ ಇಲ್ವೋ ಅಂತ ನನಗೆ ಗೊತ್ತಿರ್ಲಿಲ್ಲ."

"ನಾನು ಹೇಳ್ದೇ ಇದ್ದಿದ್ರೆ?"

"ತಿಂತಿದ್ದೆ. ಮಗೂಗೆ ಮಾತು ಕೊಟ್ಟಿದ್ನಲ್ಲ. ಮಕ್ಳಿಗೆ ಏನಾದ್ರೂ ನೆಪ ಹೇಳಿ ತಪ್ಪಿಸ್ತಿದ್ದೆ." ಅವರು ಪೊಟ್ಟಣವನ್ನು ಮತ್ತೆ ಮಡಿಸಿದರು. "ಆಮೇಲೆ ನಿನ್ ಕೈಯಿಂದ ಒಂದ್ಲೋಟ ನೀರೂ ಕುಡೀತಿರ್ಲಿಲ್ಲ."

ನನ್ನ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. ಆ ಕೇಕಿನವಳು ಬಾಯಿ ಬಿಡದೆ ಹೋಗಿದ್ದರೆ, ಅತ್ತೆ ನನ್ನ ಕಣ್ಣೆದುರೇ ಅದನ್ನು ತಿಂದು, ಸಾಯುವವರೆಗೆ ನನ್ನನ್ನು ಮೋಸಗಾತಿ ಎಂದೇ ತಿಳಿಯುತ್ತಿದ್ದರು. ಯಾಕೆ ಎಂದು ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ಅತ್ತೆ ಎದ್ದು ಹೊರಟವರು ಬಾಗಿಲಲ್ಲಿ ನಿಂತರು.

"ಆವತ್ತಿನ ಕೇಕು. ಅದೂ ನಿನಗೆ ಗೊತ್ತಿರ್ಲಿಲ್ಲ, ಅಲ್ವಾ?"

"ಇಲ್ಲ ಅತ್ತೆ. ಬೇಕರಿಯವ್ನು ಹೇಳಿದ್ದನ್ನ ನಂಬಿದ್ದೆ."

"ಆವತ್ತೇ ಹೇಳ್ಬಾರ್ದಿತ್ತಾ?"

"ನೀವು ಕೇಳ್ಲೇ ಇಲ್ಲ."

ಅತ್ತೆ ಅಡುಗೆಮನೆಯ ಕಡೆ ನೋಡಿದರು. "ಇನ್ನೊಂದು ಬೋಳು ಇದೆಯಲ್ಲ, ಎತ್ತಿಡು," ಅಂದರು. "ನಾಳೆ ಕಾಫಿ ಜೊತೆ ತಿಂತೀನಿ."