ಜಿಲ್ಲೆಯ ಪರಿಚಯ ಎಂಬ ಮೊದಲನೇ ಅಧ್ಯಾಯ

ಅಚ್ಚಿನ ಮನೆಯಿಂದ ಬಂದ ಕರಡು ಪುಟಗಳ ಕಟ್ಟು ಬಿಚ್ಚಿದೆ. ಹೊಸ ಪ್ರಿಂಟಿನ ವಾಸನೆ ಮೂಗಿಗೆ ಬಡಿಯಿತು, ಅದರ ಹಿಂದೆಯೇ ಹಳೆಯ ಸಿಟ್ಟೂ ಬಂತು. ನನ್ನ ಪಿಎಚ್.ಡಿ. ಪ್ರಬಂಧ ಕೊನೆಗೂ ಪುಸ್ತಕವಾಗುತ್ತಿದೆ; ಖುಷಿಪಡಬೇಕಾದವಳು ಹಲ್ಲು ಕಡಿಯುತ್ತ ಕೂತಿದ್ದೇನೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ನನ್ನ ವಿಷಯ ಮುಯ್ಯಾಳು. ಇವತ್ತು ನೀವು ನಮ್ಮ ಹೊಲಕ್ಕೆ ಬಂದು ರಾಗಿ ಕೊಯ್ದರೆ ನಾಳೆ ನಾವು ನಿಮ್ಮ ಹೊಲಕ್ಕೆ, ಕೂಲಿಯ ಮಾತಿಲ್ಲ. ಇದನ್ನು ಕೇಳಿಕೊಂಡು ಬರಲು ಹಾಗಲವಾಡಿಯ ದೊಡ್ಡಮ್ಮನ ಬಳಿ ಹೋಗಿದ್ದೆ. ಪ್ರೀತಿ, ಸಹಬಾಳ್ವೆ ಮುಂತಾದ ಪದಗಳನ್ನು ಮೊದಲೇ ಸಿದ್ಧ ಮಾಡಿಕೊಂಡು ಹೋಗಿದ್ದೆ ಅನ್ನಿ. ದೊಡ್ಡಮ್ಮ ಅವರೆಕಾಯಿ ಸುಲಿಯುತ್ತ ನಕ್ಕುಬಿಟ್ಟಳು.

"ಪ್ರೀತಿನೂ ಇಲ್ಲ, ಗೀತಿನೂ ಇಲ್ಲ ಕಣೇ. ಕೂಲಿ ಕೊಡಕ್ಕೆ ಕಾಸಿರ್ಲಿಲ್ಲ, ಅದ್ಕೇ ಹೋಯ್ತಿದ್ವಿ. ದೊಡ್ಡ ಹೊಲದೋರು ನಮ್ ಕೈಲಿ ಎರಡು ದಿನ ಮಾಡಿಸ್ಕೊಂಡು, ನಮ್ ಹೊಲಕ್ಕೆ ಒಂದಿನ ಬಂದು ಕೈ ತೊಳ್ಕೊಳೋರು. ಕೇಳಕ್ಕಾಯ್ತಿತ್ತಾ? ಇದ್ನ ಬರಿ, ಧೈರ್ಯ ಇದ್ರೆ."

ಬರೆದೆ. ಬರೆದದ್ದನ್ನು ಕುಣಿಗಲ್ಲಿನ ಗೆಳತಿ ಶೋಭಾಳಿಗೆ ಕೊಟ್ಟೆ. ಅವಳ ಅಧ್ಯಾಯ ನಾನು ತಿದ್ದುವುದು, ನನ್ನದು ಅವಳು. ನಮ್ಮದೂ ಮುಯ್ಯಾಳೇ, ಅದೂ ಮೋಸವಿಲ್ಲದ್ದು. ನನ್ನ 'ಎಂಬುದನ್ನು ಇಲ್ಲಿ ಗಮನಿಸಬಹುದಾಗಿದೆ'ಗಳನ್ನೆಲ್ಲ ಅವಳು ಕಳೆ ಕಿತ್ತಂತೆ ಕಿತ್ತು ಗುಡ್ಡೆ ಹಾಕಿದಳು. "ದೊಡ್ಡಮ್ಮ ಇಷ್ಟು ಚೆನ್ನಾಗಿ ಹೇಳಿದ್ಮೇಲೆ ನೀನ್ಯಾಕೇ ಮತ್ತೆ ಮೂರು ಪುಟ ಕೊರೀತೀಯ?" ಅಂದಳು. ಮುನಿಸಿಕೊಂಡು ಮಾತು ಬಿಟ್ಟೆ. ಆಮೇಲೆ ಓದಿ ನೋಡಿದರೆ ದೊಡ್ಡಮ್ಮನೇ ಎದುರಿಗೆ ಕೂತು ಮಾತಾಡಿದಂತಿತ್ತು.

ಅದನ್ನು ತಂದು ತುಮಕೂರಿನಲ್ಲಿ ನಮ್ಮ ಗೈಡ್ ಕೈಗಿಟ್ಟೆ. ಓದುವ ಮೊದಲು ಅವರು ಕೈಯಲ್ಲೇ ತೂಗಿ ನೋಡಿದರು. "ತೆಳ್ಳಗಿದೆಯಲ್ಲಮ್ಮ. ಜಿಲ್ಲೆಯ ಪರಿಚಯ ಎಲ್ಲಿ?" ನಮ್ಮಲ್ಲಿ ಯಾವ ವಿಷಯದ ಮೇಲೆ ಬರೆದರೂ ಮೊದಲನೇ ಅಧ್ಯಾಯ ಜಿಲ್ಲೆಯ ಪರಿಚಯವೇ: ಮಳೆ, ಮಣ್ಣು, ಬೆಟ್ಟ, ದೇವಸ್ಥಾನ. ಹಿಂದಿನವರದ್ದನ್ನು ಮುಂದಿನವರು ಇಳಿಸಿಕೊಳ್ಳುತ್ತಾರೆ, ಯಾರೂ ಓದುವುದಿಲ್ಲ. ನಾನೂ ಇಳಿಸಿದೆ. ಆಮೇಲೆ ಅವರು ದೊಡ್ಡಮ್ಮನ ಮಾತಿನ ಮೇಲೆ ಅಡ್ಡಗೆರೆ ಎಳೆದರು. "ಇದು ಬರೀ ಹರಟೆ. ಮುಯ್ಯಾಳು ಗ್ರಾಮೀಣ ಸೌಹಾರ್ದದ ಸಂಕೇತ ಅಂತ ಹಾಕಿ." ಡಿಗ್ರಿ ಬೇಕಿತ್ತು, ಹಾಕಿದೆ. ಸುಡುಗಾಡು ಸೌಹಾರ್ದ! ಮೋಸಹೋದವಳ ಬಾಯಿ ಮುಚ್ಚಿಸಿ, ಮೋಸ ಮಾಡಿದವರಿಗೆ ಹಾರ ಹಾಕಿಸಿದರು, ಅದೂ ನನ್ನ ಕೈಯಿಂದ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಇವತ್ತು ಪೆನ್ನು ಹಿಡಿದು ಕೂತೆ. ಸೌಹಾರ್ದ ಹೋಯಿತು, ದೊಡ್ಡಮ್ಮ ಬಂದಳು. ಜಿಲ್ಲೆಯ ಪರಿಚಯ ಇಡಿಯಾಗಿ ಹೋಯಿತು. ಆಮೇಲೆ, ಈಗ ನಿವೃತ್ತರಾಗಿರುವ ಗೈಡಿಗೆ ಫೋನ್ ಮಾಡಿದೆ.

"ಮೊದಲನೇ ಅಧ್ಯಾಯ ತೆಗೆದಿದೀನಿ ಸರ್. ದೊಡ್ಡಮ್ಮನ ಮಾತು ವಾಪಸ್ ಹಾಕಿದೀನಿ."

"ಅಯ್ಯೋ, ಏನಮ್ಮ ಇದು! ನಾನು ಬರೆದುಕೊಟ್ಟಿರೋ ಮುನ್ನುಡಿ ಪೂರ್ತಿ ಆ ಅಧ್ಯಾಯದ ಮೇಲೇ ಇದೆಯಲ್ಲ?"

"ಹೌದು ಸರ್. ಅದನ್ನೂ ತೆಗೆದಿದೀನಿ."