ಎರಡು ಬೆರಳಿನ ಸ್ಟೇರಿಂಗು

ನನ್ನ ಗಂಡನ ಪಾದಗಳನ್ನು ನಾನು ಅವರ ಮುಖಕ್ಕಿಂತ ಚೆನ್ನಾಗಿ ಬಲ್ಲೆ. ಇದನ್ನು ಪತಿಭಕ್ತಿ ಎಂದು ದಯವಿಟ್ಟು ತಿಳಿಯಬೇಡಿ. ಹೇರೋಹಳ್ಳಿಯ ನಮ್ಮ ಮನೆಯ ಮುಂದೆ ಭಾನುವಾರವಿಡೀ ಅವರು ತಮ್ಮ ಹಳೆಯ ಲಾರಿಯ ಕೆಳಗೆ ಮಲಗಿರುತ್ತಾರೆ. ಹೊರಗೆ ಕಾಣುವುದು ಪಾದಗಳು ಮಾತ್ರ. ಹೆಬ್ಬೆರಳು ನೆಟ್ಟಗೆ ನಿಂತಿದ್ದರೆ ಯಾವುದೋ ಬೋಲ್ಟು ತುಕ್ಕು ಹಿಡಿದು ಕೂತಿದೆ ಎಂದರ್ಥ. ಒಂದು ಪಾದ ಇನ್ನೊಂದನ್ನು ಉಜ್ಜುತ್ತಿದ್ದರೆ ಕೆಲಸ ಸುಸೂತ್ರ. ತಿಂಡಿಗೆ ಕರೆಯಬೇಕೋ ಬೇಡವೋ ಎಂಬುದನ್ನು ನಾನು ಇವುಗಳನ್ನು ನೋಡಿಯೇ ತೀರ್ಮಾನಿಸುತ್ತೇನೆ.

ಲಾರಿ ನಮ್ಮ ಮದುವೆಗಿಂತ ಎರಡು ಮೂರು ವರ್ಷ ಚಿಕ್ಕದು. ಉಲ್ಲಾಳದ ಕಡೆ ಏಳುತ್ತಿರುವ ಮನೆಗಳಿಗೆ ಸಿಮೆಂಟ್ ಇಟ್ಟಿಗೆ ಹೊರುವುದು ಅದರ ಕಸುಬು. ಎಂಜಿನ್ನನ್ನು ಎರಡು ಸಲ ಬಿಚ್ಚಿ ಕಟ್ಟಿದ್ದಾಗಿದೆ, ಗೇರ್‌ಬಾಕ್ಸ್ ಬೇರೆ ಯಾವುದೋ ಲಾರಿಯದು, ಕ್ಯಾಬಿನ್ ಮೊನ್ನೆ ಮೊನ್ನೆಯದು. "ಎಲ್ಲಾ ಬದಲಾಯ್ಸಿದ ಮೇಲೆ ಇದು ಹಳೇ ಲಾರಿ ಹೆಂಗಾಗುತ್ತೆ?" ಎಂದು ಒಮ್ಮೆ ತರ್ಕ ತೆಗೆದೆ. ಅವರು ಬಣ್ಣ ಹಚ್ಚಿದ ನನ್ನ ಕೂದಲನ್ನೂ ಆಗಷ್ಟೇ ಕಟ್ಟಿಸಿಕೊಂಡಿದ್ದ ಹಲ್ಲನ್ನೂ ನೋಡಿ, ಮತ್ತೆ ಲಾರಿಯ ಕೆಳಗೆ ತೂರಿದರು.

ಬೆಳಿಗ್ಗೆ ತಣ್ಣಗಿರುವಾಗ ಅದನ್ನು ಎಬ್ಬಿಸುವುದೇ ಒಂದು ಪ್ರಹಸನ. ಕೈಪಂಪು ಒತ್ತಿ ಡೀಸೆಲ್ ಏರಿಸಬೇಕು, ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಬಿಡಬೇಕು, ಬ್ಯಾಟರಿಯಲ್ಲಿ ಜೀವ ಉಳಿದಿದೆಯೇ ಎಂದು ಕಿವಿಗೊಡಬೇಕು. ಒಮ್ಮೆ ಹೊತ್ತಿಕೊಂಡ ಎಂಜಿನ್ನನ್ನು ಲೋಡು ತುಂಬುವ ಜಾಗ ಮುಟ್ಟುವವರೆಗೆ ಆರಿಸುವ ಹಾಗಿಲ್ಲ. ಇದು ಮನೆಯ ಶಾಸನ. ಕಾಫಿಯನ್ನು ನಾನು ಕಿಟಕಿಗೆ ಚಾಚಬೇಕು. ಮಗಳ ಮದುವೆಯ ಮುಹೂರ್ತ ಹೇಳಲು ಜೋಯಿಸರು ಬಂದ ಬೆಳಿಗ್ಗೆಯೂ ಅವರು ಎಂಜಿನ್ ಆರಿಸಲಿಲ್ಲ. ಜೋಯಿಸರು ಕಿರುಚಿ ಹೇಳಿದ್ದರಿಂದ ಲಗ್ನಪತ್ರಿಕೆ ಅಚ್ಚಾಗುವ ಮೊದಲೇ ಬೀದಿಗೆಲ್ಲ ಮುಹೂರ್ತ ಗೊತ್ತಾಯಿತು.

ಲಾರಿಯಲ್ಲಿ ಇಷ್ಟೆಲ್ಲ ಬದಲಾದರೂ ಅವರು ಮುಟ್ಟಲು ಬಿಡದಿದ್ದದ್ದು ಸ್ಟೇರಿಂಗ್ ಒಂದನ್ನೇ. ಬಸ್ಸಿನ ಚಕ್ರದಷ್ಟು ಅಗಲದ ಆ ಸ್ಟೇರಿಂಗನ್ನು, ಲೋಡು ತುಂಬಿದಾಗ, ಸೀಟಿನಿಂದ ಅರ್ಧ ಎದ್ದು ಇಡೀ ಮೈಯ ಭಾರ ಹಾಕಿ ಎಳೆಯಬೇಕು. ಹಾಗೆ ಎಳೆದೂ ಎಳೆದೂ ಹೋದ ವರ್ಷ ಅವರ ಬಲ ಭುಜ ಕೈಕೊಟ್ಟಿತು. ತಂತಿಯ ಮೇಲಿನ ಟವೆಲ್ ತೆಗೆಯಲಾಗದು. ಅಂಗಿಯ ಗುಂಡಿಯನ್ನು ನಾನೇ ಹಾಕಬೇಕು. ವಿಜಯನಗರದ ಡಾಕ್ಟರು, ಲಾರಿ ಬಿಡಿ ಇಲ್ಲವೇ ತೋಳಿನ ಆಸೆ ಬಿಡಿ ಎಂದರು. ಹತ್ತು ದಿನ ಅವರು ಜಗಲಿಯಲ್ಲಿ ಕೂತು ನಿಂತ ಲಾರಿಯನ್ನೇ ನೋಡಿದರು. ಅಂಥ ಮೌನ ನಮ್ಮ ಮನೆಯಲ್ಲಿ ಎಂದೂ ಇರಲಿಲ್ಲ. ನಿಜ ಹೇಳುತ್ತೇನೆ, ನನಗೆ ಭಯವಾಯಿತು.

ದಾರಿ ತೋರಿಸಿದವರು ಮಾಗಡಿ ರಸ್ತೆಯ ಮೆಕ್ಯಾನಿಕ್ ನಯಾಜ್ ಭಾಯ್. ಗುಜರಿಗೆ ಬಂದ ಲಾರಿಯೊಂದರ ಪವರ್ ಸ್ಟೇರಿಂಗ್ ತೆಗೆದು ಇದಕ್ಕೆ ಕೂರಿಸಬಹುದು, ಅಧಿಕಾರಿಗಳ ಒಪ್ಪಿಗೆಯನ್ನೂ ತಾನೇ ಮಾಡಿಸುತ್ತೇನೆ ಎಂದರು. ನಮ್ಮ ಯಜಮಾನರು ಮುಖ ಸಿಂಡರಿಸಿದರು. "ಅದೆಲ್ಲ ಕೈಲಾಗ್ದೋರಿಗೆ ಕಣೇ. ಲಾರಿ ಹೊಡೆಯೋನಿಗೆ ತೋಳು ಬೇಕು."

ನಾನು ಹೈಸ್ಕೂಲಿನ ವಿಜ್ಞಾನದ ಟೀಚರು. ಎಣ್ಣೆಯ ಒತ್ತಡದಿಂದ ಸಣ್ಣ ಬಲ ದೊಡ್ಡದಾಗುವ ಪಾಠವನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವಳು. ಪವರ್ ಸ್ಟೇರಿಂಗ್ ನಡೆಯುವುದೂ ಅದರಿಂದಲೇ ಎಂದು ಮನೆಯಲ್ಲೂ ಪಾಠ ಶುರು ಮಾಡಿದೆ, ಹಿಂದಿನ ಬೆಂಚಿಗೂ ಕೇಳಿಸುವ ದನಿಯಲ್ಲಿ. ನಮ್ಮ ದಾಂಪತ್ಯದಲ್ಲಿ ನನ್ನ ದನಿ ಮೊದಲಿನಿಂದಲೂ ಅದೇ. ಅವರು ಒಂದಿಂಚೂ ಕದಲಲಿಲ್ಲ. ದನಿ ಏರಿಸಿದೆ. ಅವರು ಜಗಲಿಯಿಂದ ಎದ್ದು ಲಾರಿಯ ಕೆಳಗೆ ಹೋಗಿ ಸುಮ್ಮನೆ ಮಲಗಿದರು. ಪಾದಗಳು ಅಲ್ಲಾಡಲೇ ಇಲ್ಲ.

ಆಗ ನೆನಪಾದದ್ದು ಮಾವನವರು. ಹೇರೋಹಳ್ಳಿ ಇನ್ನೂ ಹೊಲವಾಗಿದ್ದಾಗ ಅವರ ಬಳಿ ಒಂದು ಜೋಡಿ ಹೋರಿಗಳಿದ್ದವು. ನಾನು ಹೊಸ ಸೊಸೆಯಾಗಿ ಬಂದಾಗ ಅವುಗಳ ಕೊಂಬು ಕಂಡು ಹಿತ್ತಿಲ ಬಾಗಿಲಿನಿಂದ ಓಡಾಡುತ್ತಿದ್ದೆ. ಆ ಮುದುಕರು ಮೂಗುದಾರವನ್ನು ಎರಡು ಬೆರಳಲ್ಲಿ ಹಿಡಿದು, ನಾಲಿಗೆಯಲ್ಲಿ ಸಣ್ಣ ಸದ್ದು ಮಾಡಿದರೆ ಸಾಕು, ಅಷ್ಟು ದೊಡ್ಡ ಪ್ರಾಣಿ ತಿರುಗುತ್ತಿತ್ತು. ಮನುಷ್ಯ ಗಾಡಿ ಕಂಡುಹಿಡಿದ ಕಾಲದಿಂದಲೂ ಎಳೆಯುವ ಬಲ ಬೇರೆ, ತಿರುಗಿಸುವ ಬಲ ಬೇರೆಯೇ ಇರಬೇಕು.

ಮರುದಿನ ಅಂಗಿಯ ಗುಂಡಿ ಹಾಕುತ್ತಾ ಮೆತ್ತಗೆ ಕೇಳಿದೆ. "ರೀ, ಮಾವ ಹೋರೀನ ಕೊಂಬು ಹಿಡ್ಕೊಂಡು ತಿರುಗಿಸ್ತಿದ್ರಾ?"

ಮುಂದಿನ ಭಾನುವಾರ ಲಾರಿಯ ಕೆಳಗೆ ನಾಲ್ಕು ಪಾದಗಳಿದ್ದವು. ಎರಡು ನಯಾಜ್ ಭಾಯ್ ಅವರವು.

ಕೆಲಸ ಮುಗಿದ ದಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹೊರಟರು. ಬೀದಿ ತುದಿಯಲ್ಲಿ ಬಳಸಿಕೊಂಡು ಬಂದು ಮನೆಯ ಮುಂದೆ ತಿರುಗಿಸುವಾಗ ಹಳೆಯ ಅಭ್ಯಾಸ. ಸೀಟಿನಿಂದ ಅರ್ಧ ಎದ್ದು, ಹಲ್ಲು ಕಚ್ಚಿ, ಮೈಯ ಭಾರವೆಲ್ಲ ಹಾಕಿ ಎಳೆದರು. ಲಾರಿ ಗಿರಕ್ಕನೆ ತಿರುಗಿ ನಮ್ಮದೇ ಗೇಟಿನ ಕಂಬವನ್ನು ಕೆಡವಿ ನಿಂತಿತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ಅವರು ಎರಡೂ ಕೈಯನ್ನು ಸ್ಟೇರಿಂಗಿನಿಂದ ಮೇಲೆತ್ತಿ ಕೂತಿದ್ದರು, ಬಿಸಿ ಪಾತ್ರೆ ಮುಟ್ಟಿದವರ ಹಾಗೆ. "ಇದು ನನ್ನ ಗಾಡಿ ಅಲ್ಲ ಕಣೇ," ಎಂದರು. ಕಣ್ಣು ತುಂಬಿತ್ತು.

ನಯಾಜ್ ಭಾಯ್ ಕಂಬವನ್ನೂ ಅವರನ್ನೂ ನೋಡಿ, "ಅಣ್ಣಾ, ಗಾಡಿ ಸರಿಯಾಗೈತೆ. ನಿಮ್ ತೋಳು ಇನ್ನೂ ಹಳೇ ಗಾಡೀಲೇ ಐತೆ," ಎಂದರು.

ಆಮೇಲೆ ಮೂರು ಭಾನುವಾರ, ಉಲ್ಲಾಳದಾಚೆ ಇನ್ನೂ ಮನೆ ಏಳದ ಲೇಔಟಿನಲ್ಲಿ ಖಾಲಿ ಲಾರಿಯ ಅಭ್ಯಾಸ ನಡೆಯಿತು. ಪಕ್ಕದ ಸೀಟಿನಲ್ಲಿ ನಾನು. ಮೊದಲ ತಿರುವಿನಲ್ಲೇ ನಾನು "ನಿಧಾನ!" ಎಂದು ಕೂಗಿದೆ, ಅವರು ಬೆಚ್ಚಿ ಇನ್ನಷ್ಟು ಎಳೆದರು. ಮುಂದಿನ ತಿರುವಿನಲ್ಲಿ ಬಾಯಿ ಮುಚ್ಚಿಕೊಂಡೆ. ತಿರುವು ನೆಟ್ಟಗೆ ಬಂತು. ಅವರ ತೋಳಿನ ಪಾಠವೇ ನನ್ನ ಗಂಟಲಿಗೂ ಬೇಕಾಗಿತ್ತು ಎಂಬುದು ಆ ಖಾಲಿ ಸೈಟುಗಳ ನಡುವೆ ನನಗೆ ಹೊಳೆದು, ಒಬ್ಬಳೇ ನಾಚಿಕೊಂಡೆ. ಮೂರನೆಯ ಭಾನುವಾರ ಅವರು ಎರಡು ಬೆರಳಲ್ಲಿ ಲಾರಿ ತಿರುಗಿಸಿ, ನನ್ನ ಕಡೆ ನೋಡದೆ, ನಾಲಿಗೆಯಲ್ಲಿ ಮಾವನವರ ಆ ಸಣ್ಣ ಸದ್ದು ಮಾಡಿದರು.

ಈಗ ಅವರು ಮತ್ತೆ ಲೋಡಿಗೆ ಹೋಗುತ್ತಾರೆ. ನಿನ್ನೆ ಬೆಳಿಗ್ಗೆ ಎಂಜಿನ್ ಗುಡುಗುತ್ತಿತ್ತು. ಭುಜದ ಮಾತ್ರೆ ನುಂಗಿದರೋ ಇಲ್ಲವೋ ಎಂದು ಕೇಳಲು ಬಾಗಿಲಿಗೆ ಬಂದೆ. ಹಳೆಯ ದನಿ ಗಂಟಲವರೆಗೆ ಬಂದಿತ್ತು. ಮುರಿದ ಕಂಬ ಕಣ್ಣಿಗೆ ಬಿತ್ತು. ದನಿ ತಗ್ಗಿಸಿ, "ಮಾತ್ರೆ ತಗೊಂಡ್ರಾ?" ಎಂದೆ. ಡೀಸೆಲ್ ಎಂಜಿನ್ನಿನ ಮುಂದೆ ಮೆಲುದನಿ ಎಲ್ಲಿ ಕೇಳಬೇಕು? ನನಗೇ ಕೇಳಿಸಲಿಲ್ಲ.

ನನ್ನ ತುಟಿ ಅಲ್ಲಾಡಿದ್ದನ್ನು ಅವರು ಕಂಡರು. ಒಂದು ಕ್ಷಣ ಬ್ಯಾಟರಿಯ ಬಗ್ಗೆ ಯೋಚನೆ ಮಾಡಿದರೆಂದು ಕಾಣುತ್ತದೆ. ಆಮೇಲೆ ಕೈ ಚಾಚಿ ಎಂಜಿನ್ ಆರಿಸಿ, ಕಿಟಕಿಯಿಂದ ಬಗ್ಗಿ, "ಏನಂದೆ?" ಎಂದರು.